ಸೊಂಟನೋವಿನ ಮೊದಲ ತಪಾಸಣೆ: ಒಂದು ಬೆನ್ನುಮೂಳೆ ಚಿಕಿತ್ಸಾಲಯದ ಸೇವೆ ಹೇಗಿದೆ?

ಬೆನ್ನುಮೂಳೆಯ ತೊಂದರೆಗಳನ್ನು ಮಾತ್ರ ನೋಡುವ ಒಂದು ಚಿಕಿತ್ಸಾಲಯದಲ್ಲಿ ‘ಮೊದಲ ತಪಾಸಣೆ’ ಎಂಬ ಸೇವೆಯಿದೆ. ಸೊಂಟನೋವು ಇರುವವರು ಬಂದರೆ ವೈದ್ಯರೊಬ್ಬರು ಮತ್ತು ಫಿಸಿಯೋಥೆರಪಿಸ್ಟ್ ಒಬ್ಬರು ಒಂದೇ ಕೊಠಡಿಯಲ್ಲಿ ಕುಳಿತು ನೋವಿನ ವಿವರ ಕೇಳುತ್ತಾರೆ, ದೇಹವನ್ನು ಪರೀಕ್ಷಿಸುತ್ತಾರೆ, ತಮಗೆ ಕಂಡದ್ದನ್ನು ವಿವರಿಸಿ ಒಂದು ಪುಟದ ವರದಿ ಕೊಡುತ್ತಾರೆ. ಸ್ಕ್ಯಾನಿಂಗ್ ಈ ಸೇವೆಯ ಭಾಗವಲ್ಲ. ಅಗತ್ಯ ಕಂಡರೆ ಮಾತ್ರ ಬೇರೆಯಾಗಿ ಬರೆದುಕೊಡುತ್ತಾರೆ. ಸೊಂಟದಿಂದ ಎಡಗಾಲಿಗೆ ಇಳಿಯುತ್ತಿದ್ದ ನೋವಿಗಾಗಿ ನಾನು ಈ ಸೇವೆಯನ್ನು ಪಡೆದೆ. ತಪಾಸಣೆಯ ಗುಣಮಟ್ಟ ಬಹುಮಟ್ಟಿಗೆ ಅತ್ಯುತ್ತಮವಾಗಿತ್ತು. ಒಂದು ಮುಖ್ಯ ವಿಷಯದಲ್ಲಿ ಮಾತ್ರ ಕೊರತೆಯಿತ್ತು. ಎರಡನ್ನೂ ಕಾರಣಸಹಿತವಾಗಿ ಬರೆಯುತ್ತಿದ್ದೇನೆ. ಸೊಂಟನೋವಿಗೆಂದು ವೈದ್ಯರನ್ನು ಕಾಣುವ ಹೆಚ್ಚಿನವರಿಗೆ ಒಳ್ಳೆಯ ತಪಾಸಣೆಯಲ್ಲಿ ಏನೆಲ್ಲ ಇರಬೇಕು ಎಂದು ಯಾರೂ ಹೇಳಿರುವುದಿಲ್ಲ; ಹಾಗಾಗಿ ತಮಗೆ ಸಿಕ್ಕಿದ್ದು ಸಾಕೇ ಎಂದು ತೂಗಿ ನೋಡುವ ದಾರಿಯೂ ಅವರಿಗೆ ಇರುವುದಿಲ್ಲ.

ಈ ನೋವು ಎಷ್ಟು ವ್ಯಾಪಕವೆಂದರೆ, 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನ ಇದರಿಂದ ಬಳಲುತ್ತಿದ್ದರು ಎಂದು ಜಾಗತಿಕ ರೋಗಭಾರ ಅಧ್ಯಯನ ಅಂದಾಜು ಮಾಡಿದೆ. ಜನರು ಅಶಕ್ತತೆಯಲ್ಲಿ ಕಳೆಯುವ ವರ್ಷಗಳ ಲೆಕ್ಕದಲ್ಲಿ ಇದು ಉಳಿದೆಲ್ಲ ಕಾಯಿಲೆಗಳಿಗಿಂತ ಮುಂದಿದೆ. ಹೀಗಿದ್ದೂ ನೂರರಲ್ಲಿ ಸುಮಾರು 90 ಜನರ ವಿಷಯದಲ್ಲಿ ನೋವಿನ ಮೂಲ ಇಂಥದೇ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನೋವು ನಿಜವೇ, ಆದರೆ ನೋಯುತ್ತಿರುವುದು ಸ್ನಾಯುವೋ ಕೀಲೋ ಬೆನ್ನಿನ ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕೋ ಎಂದು ಬೇರ್ಪಡಿಸಿ ಹೇಳಬಲ್ಲ ನಂಬಲರ್ಹ ಪರೀಕ್ಷೆ ಇಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿ ವೈದ್ಯರು ಮಾಡಬೇಕಾದ ಕೆಲಸ ಒಂದು ವಿಂಗಡಣೆ. ಬಂದವರ ನೋವು ಕ್ಯಾನ್ಸರ್, ಸೋಂಕು, ಮೂಳೆಮುರಿತ, ಉರಿಯೂತದ ಸಂಧಿವಾತದಂತಹ ಗಂಭೀರ ಕಾರಣದಿಂದ ಬಂದಿದೆಯೇ? ನರದ ಬೇರು (ಬೆನ್ನುಹುರಿಯಿಂದ ನರ ಹೊರಡುವ ಬುಡ) ಒತ್ತಿಕೊಂಡು ಬಂದಿದೆಯೇ? ಇವೆರಡೂ ಅಲ್ಲದ ಸಾಮಾನ್ಯ ಸೊಂಟನೋವೇ? ಈ ಮೂರು ಪ್ರಶ್ನೆಗಳಿಗೆ ಎಷ್ಟು ಎಚ್ಚರದಿಂದ ಉತ್ತರ ಹುಡುಕಿದರು ಎಂಬುದನ್ನೇ ಮುಂದಿಟ್ಟುಕೊಂಡು ಈ ಸೇವೆಯನ್ನು ನೋಡಿದ್ದೇನೆ.

ಇಲ್ಲಿ ಅತಿ ಹೆಚ್ಚು ಸಮಯ ಹೋಗುವುದು ವಿವರ ಕೇಳುವುದಕ್ಕೆ, ಮತ್ತು ಅದು ಸರಿಯಾದ ಕ್ರಮ. ನೋವು ಎಂದಿನಿಂದ ಎಂಬ ಪ್ರಶ್ನೆ ಮೊದಲು ಬಂತು. ಆರು ವಾರಕ್ಕಿಂತ ಕಡಿಮೆಯಿದ್ದರೆ ತೀವ್ರ, 12 ವಾರ ದಾಟಿದರೆ ದೀರ್ಘಕಾಲದ ನೋವು ಎಂಬ ವಿಭಾಗ ಮುಂದಿನ ಪ್ರತಿ ತೀರ್ಮಾನವನ್ನೂ ಬದಲಿಸುತ್ತದೆ. ಆಮೇಲೆ ಸೊಂಟದ ನೋವು ಹೆಚ್ಚೋ ಕಾಲಿನ ನೋವು ಹೆಚ್ಚೋ ಎಂದು ಕೇಳಿದರು. ಕಾಲಿನ ನೋವೇ ಮೇಲುಗೈಯಾಗಿದ್ದು, ಮಂಡಿಯ ಕೆಳಗೆ ಗೆರೆ ಎಳೆದಂತೆ ಇಳಿದು, ಕೆಮ್ಮಿದಾಗ ಅಥವಾ ಸೀನಿದಾಗ ಮಿಂಚಿನಂತೆ ಹರಿದರೆ ನರದ ಬೇರಿನ ಮೇಲೆ ಅನುಮಾನ ಬಲವಾಗುತ್ತದೆ. ತೊಡೆಯಲ್ಲೇ ಮಸುಕಾಗಿ ನಿಂತುಹೋಗುವ ನೋವು ಅಷ್ಟು ಹೇಳುವುದಿಲ್ಲ. ನಡೆದರೆ ಕಾಲು ಭಾರವಾಗಿ ನೋಯುತ್ತದೆಯೇ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಕಡಿಮೆಯಾಗುತ್ತದೆಯೇ ಎಂದು ಕೇಳಿದ್ದು ಬೆನ್ನುಹುರಿಯ ನಾಳ ಕಿರಿದಾಗಿರುವ ಸ್ಥಿತಿಯನ್ನು ಪತ್ತೆಮಾಡಲು. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದಾಗ ನೋವು ಬರುತ್ತದೆ, ಆದರೆ ಅವರಿಗೆ ಸುಮ್ಮನೆ ನಿಂತರೂ ಸಾಕು, ನೋವು ಇಳಿಯುತ್ತದೆ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸ ಯಾವ ಯಂತ್ರವೂ ಇಲ್ಲದೆ, ಒಂದು ಪ್ರಶ್ನೆಯಿಂದ ಹೊರಬರುತ್ತದೆ ಎಂಬುದು ನನಗೆ ಇಂದಿಗೂ ಮೆಚ್ಚುಗೆಯ ವಿಷಯ.

ಬೆಳಗ್ಗೆ ಎದ್ದಾಗ ಸೊಂಟ ಎಷ್ಟು ಹೊತ್ತು ಬಿಗಿಯಾಗಿರುತ್ತದೆ ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ. ನಲವತ್ತರ ಒಳಗೆ ನಿಧಾನವಾಗಿ ಶುರುವಾಗಿ, ಅರ್ಧ ಗಂಟೆಗೂ ಮೀರಿದ ಬೆಳಗಿನ ಬಿಗಿತವಿದ್ದು, ವಿಶ್ರಾಂತಿಯಿಂದ ಇಳಿಯದೆ ಓಡಾಟದಿಂದ ಇಳಿಯುವ, ರಾತ್ರಿಯ ಎರಡನೇ ಭಾಗದಲ್ಲಿ ನಿದ್ದೆಗೆಡಿಸುವ ನೋವು ಉರಿಯೂತದ ಲಕ್ಷಣ. ಇಂಥವರಿಗೆ ಸರಿಯಾದ ರೋಗನಿರ್ಣಯವಾಗುವಾಗ ವರ್ಷಗಳೇ ಕಳೆದುಹೋಗಿರುವುದುಂಟು. ಕಾರಣ, ಈ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ.

ವೈದ್ಯರು ‘ರೆಡ್ ಫ್ಲ್ಯಾಗ್’ ಎನ್ನುವ ಅಪಾಯದ ಸೂಚನೆಗಳನ್ನು ಅವರು ಪಟ್ಟಿ ಓದಿದಂತೆ ಓದಲಿಲ್ಲ. ಮಾತಿನ ನಡುವೆ ಒಂದೊಂದನ್ನೇ ತಂದರು. ಹಿಂದೆ ಕ್ಯಾನ್ಸರ್ ಬಂದಿತ್ತೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಜ್ವರ ಇದೆಯೇ, ಬಹುಕಾಲ ಸ್ಟೆರಾಯ್ಡ್ ಮಾತ್ರೆ ನುಂಗಿದ್ದುಂಟೇ, ಬಿದ್ದದ್ದುಂಟೇ ಎಂದು ಕೇಳಿದ ಮೇಲೆ, ಇವುಗಳಲ್ಲಿ ಯಾವುದಾದರೂ ಒಂದೇ ಇದ್ದರೆ ಗಾಬರಿಯಾಗಬೇಕಾಗಿಲ್ಲ ಎಂದೂ ವಿವರಿಸಿದರು. ಐವತ್ತು ದಾಟಿದ್ದು ಅಥವಾ ರಾತ್ರಿ ನೋವು ಬರುವುದು ಒಂಟಿಯಾಗಿ ಏನನ್ನೂ ಸಾಬೀತುಪಡಿಸುವುದಿಲ್ಲ, ಏಕೆಂದರೆ ಸಾಮಾನ್ಯ ಸೊಂಟನೋವಿನವರಲ್ಲೂ ಅವು ಹೇರಳ. ಹಿಂದೆ ಕ್ಯಾನ್ಸರ್ ಬಂದಿದ್ದವರಲ್ಲಿ ಹೊಸದಾಗಿ ಹುಟ್ಟಿದ ಸೊಂಟನೋವು ಮಾತ್ರ ಹೆಚ್ಚು ತೂಕದ ಸೂಚನೆ. ವಯಸ್ಸಾದವರು, ಸ್ಟೆರಾಯ್ಡ್ ಸೇವಿಸುತ್ತಿರುವವರು, ಸಣ್ಣದಾಗಿ ಬಿದ್ದವರು ಎಂಬ ಮೂರೂ ಒಬ್ಬರಲ್ಲೇ ಸೇರಿದರೆ ಮೂಳೆಮುರಿತದ ಸಂಭವ ಏರುತ್ತದೆ.

ಮಲಮೂತ್ರದ ವಿಷಯವನ್ನು ಕೇಳಿದ ರೀತಿಯನ್ನು ಬೇರೆಯಾಗಿಯೇ ಹೇಳಬೇಕು. ಬೆನ್ನುಹುರಿ ಸೊಂಟದ ಮೊದಲ ಎರಡು ಕಶೇರುಗಳ (ಬೆನ್ನಿನ ಬಿಡಿ ಮೂಳೆಗಳ) ಮಟ್ಟದಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಜೊಂಪೆಯಾಗಿ ಇಳಿಯುತ್ತವೆ. ದೊಡ್ಡ ಡಿಸ್ಕ್ ಜಾರಿ ಈ ಇಡೀ ಜೊಂಪೆಯನ್ನು ಒತ್ತಿದರೆ ‘ಕಾಡಾ ಈಕ್ವೈನಾ ಸಿಂಡ್ರೋಮ್’ ಎಂಬ ತುರ್ತು ಸ್ಥಿತಿ ಉಂಟಾಗುತ್ತದೆ. ಮೂತ್ರ ಬಂದ ಅರಿವು ಕಡಿಮೆಯಾಗುವುದು, ಮೂತ್ರ ಕಟ್ಟಿಕೊಳ್ಳುವುದು, ಮಲದ ಮೇಲೆ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ಮಂಕಾಗುವುದು, ಎರಡೂ ಕಾಲುಗಳಲ್ಲಿ ನೋವು ಅಥವಾ ಬಲಹೀನತೆ ಇದರ ಲಕ್ಷಣಗಳು. ಬಹಳ ಜನ ಸಂಕೋಚದಿಂದ ಇದನ್ನು ತಾವಾಗಿ ಹೇಳುವುದಿಲ್ಲ. ‘ಮೂತ್ರ ಸರಿಯಾಗಿ ಆಗುತ್ತಿದೆಯೇ’ ಎಂದು ತೇಲಿಸಿ ಕೇಳಿದರೆ ‘ಹೌದು’ ಎಂಬ ಉತ್ತರವೇ ಬರುತ್ತದೆ. ಇಲ್ಲಿನ ವೈದ್ಯರು ‘ಮೂತ್ರ ಹೊರಡುವಾಗ ನಿಮಗೆ ಗೊತ್ತಾಗುತ್ತದೆಯೇ? ಶುಚಿ ಮಾಡಿಕೊಳ್ಳುವಾಗ ಕೈ ತಾಗಿದ್ದು ಎರಡೂ ಕಡೆ ಒಂದೇ ರೀತಿ ಅನ್ನಿಸುತ್ತದೆಯೇ?’ ಎಂದು ನೇರವಾಗಿ, ಮೃದುವಾಗಿ ಕೇಳಿದರು. ಕೇಳುವ ಮುಂಚೆ ಏಕೆ ಕೇಳುತ್ತಿದ್ದೇನೆ ಎಂದೂ ಹೇಳಿದರು. ಈ ಸೇವೆಗೆ ನಾನು ಕೊಡುವ ಅಂಕಗಳಲ್ಲಿ ದೊಡ್ಡ ಪಾಲು ಈ ಎರಡು ವಾಕ್ಯಗಳಿಗೆ ಸಲ್ಲುತ್ತದೆ.

ದೇಹದ ಪರೀಕ್ಷೆಯೂ ಅಷ್ಟೇ ಶಿಸ್ತಿನಿಂದ ನಡೆಯಿತು. ನಿಂತಾಗ ಬೆನ್ನಿನ ಆಕಾರ ನೋಡಿ, ಮುಂದೆ, ಹಿಂದೆ, ಪಕ್ಕಕ್ಕೆ ಬಾಗಿಸಿ, ಹಿಮ್ಮಡಿಯ ಮೇಲೆ ಮತ್ತು ತುದಿಗಾಲಿನ ಮೇಲೆ ನಡೆಸಿದರು. ಬಾಗುವ ಸಾಮರ್ಥ್ಯವನ್ನು ಕಣ್ಣಳತೆಗೆ ಬಿಡದೆ, 1937ರಲ್ಲಿ ಷೋಬರ್ ಎಂಬ ವೈದ್ಯರು ವಿವರಿಸಿದ ವಿಧಾನದಲ್ಲಿ, ಸೊಂಟದ ಕೆಳಗಿನ ಎರಡು ಕುಳಿಗಳ ನೇರಕ್ಕೆ ಒಂದು ಗುರುತು, ಅದರಿಂದ 10 ಸೆಂ.ಮೀ. ಮೇಲೆ ಇನ್ನೊಂದು ಗುರುತು ಹಾಕಿ ಟೇಪಿನಿಂದ ಅಳೆದರು. ಮುಂದಕ್ಕೆ ಬಾಗಿದಾಗ ಈ ಅಂತರ ಸುಮಾರು 15 ಸೆಂ.ಮೀ.ಗೆ ಹಿಗ್ಗಬೇಕು. ಮುಂದಿನ ಭೇಟಿಯಲ್ಲಿ ಹೋಲಿಸಲು ಒಂದು ಸಂಖ್ಯೆ ಸಿಗುತ್ತದೆ ಎಂಬುದೇ ಇದರ ಲಾಭ.

ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ಮೇಲೆತ್ತುವ ಪರೀಕ್ಷೆಯನ್ನು ಬಹುತೇಕ ಎಲ್ಲ ಕಡೆ ಮಾಡುತ್ತಾರೆ, ಆದರೆ ಸರಿಯಾಗಿ ಮಾಡುವವರು ಕಡಿಮೆ. ಫ್ರೆಂಚ್ ವೈದ್ಯ ಲಾಸೆಗ್ ಹೆಸರಿನಲ್ಲಿ ಪ್ರಸಿದ್ಧವಾದ ಈ ಪರೀಕ್ಷೆಯನ್ನು ಅವರ ಶಿಷ್ಯ ಫೋರ್ಸ್ಟ್ 1881ರಲ್ಲಿ ಬರೆದಿಟ್ಟರು. ಕಾಲನ್ನು ಸುಮಾರು 30ರಿಂದ 70 ಡಿಗ್ರಿಗಳ ನಡುವೆ ಎತ್ತಿದಾಗ, ರೋಗಿ ಹೇಳಿಕೊಂಡ ಅದೇ ನೋವು ಮಂಡಿಯ ಕೆಳಗೆ ಹರಿದರೆ ಮಾತ್ರ ಪರೀಕ್ಷೆ ಸಕಾರಾತ್ಮಕ. ತೊಡೆಯ ಹಿಂಬದಿ ಬಿಗಿದು ಎಳೆದಂತಾದರೆ ಅದು ಸ್ನಾಯುವಿನ ಬಿಗಿತ ಅಷ್ಟೇ. ವೈದ್ಯರು ನೋವು ಬಂದ ಹಂತದಲ್ಲಿ ಕಾಲನ್ನು ಸ್ವಲ್ಪ ಇಳಿಸಿ, ಪಾದವನ್ನು ಮೇಲಕ್ಕೆ ಮಡಿಸಿ, ಅದೇ ನೋವು ಮರಳುತ್ತದೆಯೇ ಎಂದು ನೋಡಿದರು. ಬಲಗಾಲನ್ನೂ ಎತ್ತಿ, ಎಡಗಾಲಿನಲ್ಲಿ ನೋವು ಏಳುತ್ತದೆಯೇ ಎಂದು ವಿಚಾರಿಸಿದರು. ಇದಕ್ಕೆ ಕಾರಣವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಶಸ್ತ್ರಚಿಕಿತ್ಸೆಯವರೆಗೆ ಬಂದ ರೋಗಿಗಳಲ್ಲಿ, ಡಿಸ್ಕ್ ಜಾರಿದ್ದವರ ಪೈಕಿ 92% ಜನರಲ್ಲಿ ನೋಯುವ ಕಾಲನ್ನು ಎತ್ತುವ ಪರೀಕ್ಷೆ ಸಕಾರಾತ್ಮಕವಾಗಿತ್ತು. ಆದರೆ ಡಿಸ್ಕ್ ಜಾರದವರಲ್ಲಿ ಅದು ನಕಾರಾತ್ಮಕವಾಗಿದ್ದದ್ದು 28% ಜನರಲ್ಲಿ ಮಾತ್ರ. ಎದುರು ಕಾಲಿನ ಪರೀಕ್ಷೆಯಲ್ಲಿ ಈ ಸಂಖ್ಯೆಗಳು ಹೆಚ್ಚುಕಡಿಮೆ ತಿರುಗುಮುರುಗಾಗುತ್ತವೆ: 28% ಮತ್ತು 90%. ಅಂದರೆ ಮೊದಲನೆಯದು ನಕಾರಾತ್ಮಕವಾದರೆ ಡಿಸ್ಕಿನ ಅನುಮಾನ ಇಳಿಯುತ್ತದೆ, ಎರಡನೆಯದು ಸಕಾರಾತ್ಮಕವಾದರೆ ಅನುಮಾನ ಗಟ್ಟಿಯಾಗುತ್ತದೆ. ಎರಡನ್ನೂ ಜೊತೆಗಿಟ್ಟು ಓದಬೇಕು. ಹಿಂದೆ ಬೇರೊಂದು ಕಡೆ ನನ್ನ ಕಾಲನ್ನು ಒಮ್ಮೆ ಎತ್ತಿ ಇಳಿಸಿ, ‘ನರ ಒತ್ತಿಕೊಂಡಿದೆ, ಎಂಆರ್‌ಐ ಮಾಡಿಸಿ’ ಎಂದು ಚೀಟಿ ಬರೆದಿದ್ದರು. ಎತ್ತಿದಾಗ ನೋವು ಎಲ್ಲಿ ಬಂತು ಎಂದು ಯಾರೂ ಕೇಳಿರಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನರಗಳ ಪರೀಕ್ಷೆ. ಸೊಂಟದಲ್ಲಿ ಡಿಸ್ಕ್ ಜಾರುವುದು ಬಹುಪಾಲು ಕೊನೆಯ ಎರಡು ಮಟ್ಟಗಳಲ್ಲಿ, ಹಾಗಾಗಿ ತೊಂದರೆಗೆ ಸಿಲುಕುವುದು ಸಾಮಾನ್ಯವಾಗಿ ಸೊಂಟದ ಐದನೆಯ ನರ ಅಥವಾ ಅದರ ಕೆಳಗಿನ ಮೊದಲ ನರ, ಅಂದರೆ ಎಲ್‌5 ಅಥವಾ ಎಸ್‌1 ನರ. ಎಸ್‌1 ಕೆಟ್ಟರೆ ಹಿಮ್ಮಡಿಯ ರಿಫ್ಲೆಕ್ಸ್ (ತಟ್ಟಿದಾಗ ತಾನಾಗಿ ಆಗುವ ಸೆಳೆತ) ಮಂಕಾಗುತ್ತದೆ, ತುದಿಗಾಲಿನ ಮೇಲೆ ಏಳುವುದು ಕಷ್ಟವಾಗುತ್ತದೆ, ಪಾದದ ಹೊರ ಅಂಚು ಜೋಮು ಹಿಡಿಯುತ್ತದೆ. ಎಲ್‌4 ಕೆಟ್ಟರೆ ಮಂಡಿಯ ರಿಫ್ಲೆಕ್ಸ್ ಇಳಿಯುತ್ತದೆ. ಎಲ್‌5 ನರಕ್ಕೆ ಮಾತ್ರ ನೆಚ್ಚಿಕೊಳ್ಳಬಹುದಾದ ರಿಫ್ಲೆಕ್ಸ್ ಇಲ್ಲ. ಸುತ್ತಿಗೆಯಿಂದ ಎರಡು ಕಡೆ ತಟ್ಟಿ ‘ರಿಫ್ಲೆಕ್ಸ್ ಸರಿಯಿದೆ’ ಎಂದು ಬರೆದು ಮುಗಿಸುವ ತಪಾಸಣೆ ಎಲ್‌5 ತೊಂದರೆಯನ್ನು ಪೂರ್ತಿ ತಪ್ಪಿಸಿಕೊಳ್ಳಬಲ್ಲದು. ಇಲ್ಲಿ ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಿಸಿ, ಅವರು ಕೆಳಕ್ಕೆ ಒತ್ತಿ, ಎರಡೂ ಪಾದಗಳನ್ನು ಹೋಲಿಸಿ, ಸೊನ್ನೆಯಿಂದ ಐದರವರೆಗಿನ (ಐದು ಎಂದರೆ ಪೂರ್ಣ ಬಲ) ಮಾಪನದಲ್ಲಿ ಎಡಗಾಲಿಗೆ ನಾಲ್ಕು ಎಂದು ಬರೆದುಕೊಂಡರು. ಅಷ್ಟಕ್ಕೇ ಬಿಡದೆ ಪಕ್ಕಕ್ಕೆ ಮಲಗಿಸಿ, ಮೇಲಿನ ಕಾಲನ್ನು ಎತ್ತಿ ಹಿಡಿಯಲು ಹೇಳಿದರು. ಮಂಡಿಯ ಹೊರಬದಿಯಲ್ಲಿ ಮೂಳೆಯನ್ನು ಸುತ್ತಿಕೊಂಡು ಹೋಗುವ ನರ ಅಲ್ಲೇ ಒತ್ತಿಕೊಂಡರೂ ಹೆಬ್ಬೆರಳು ಸೋಲುತ್ತದೆ. ಆದರೆ ಸೊಂಟದ ಪಕ್ಕದ ಸ್ನಾಯುವಿಗೆ ಹೋಗುವ ಕವಲು ಅದಕ್ಕಿಂತ ಎಷ್ಟೋ ಮೇಲೆಯೇ ಬೇರೆಯಾಗಿರುವುದರಿಂದ ಆ ಸ್ನಾಯುವಿನ ಬಲ ಉಳಿದಿರುತ್ತದೆ. ಹೆಬ್ಬೆರಳು ಮತ್ತು ಸೊಂಟದ ಪಕ್ಕ ಎರಡೂ ಸೋತಿದ್ದರೆ ತೊಂದರೆ ಬೆನ್ನಿನ ಬೇರಿನಲ್ಲಿದೆ ಎಂದು ತಿಳಿಯುತ್ತದೆ. ಈ ಒಂದು ಪರೀಕ್ಷೆ ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಬೆನ್ನನ್ನು ಸ್ಕ್ಯಾನ್ ಮಾಡಿ ಏನೂ ಕಾಣದೆ ವಾರಗಟ್ಟಲೆ ಅಲೆಯಬೇಕಾದವರನ್ನು, ಅಥವಾ ಇನ್ನೂ ಕೆಟ್ಟದಾಗಿ, ಸಂಬಂಧವೇ ಇಲ್ಲದ ಡಿಸ್ಕಿಗೆ ಚಿಕಿತ್ಸೆ ಪಡೆಯುವವರನ್ನು ಇದು ಉಳಿಸಬಲ್ಲದು.

ಸೊಂಟದ ಕೀಲನ್ನು ಒಳಕ್ಕೆ ತಿರುಗಿಸಿ ನೋಡಿದ್ದು, ಪಾದದ ನಾಡಿ ಮುಟ್ಟಿದ್ದು, ಪಾದದ ಅಡಿ ಗೀರಿ ನೋಡಿದ್ದು, ಹೊಟ್ಟೆಯನ್ನು ಒತ್ತಿ ನೋಡಿದ್ದು ಎಲ್ಲವೂ ಬೇಗ ಮುಗಿದವು, ಆದರೆ ಬಿಟ್ಟುಹೋಗಲಿಲ್ಲ. ಬೆನ್ನುಮೂಳೆ ಸೊಂಟದ ಮೂಳೆಗೆ ಕೂಡುವ ಸ್ಯಾಕ್ರೋಇಲಿಯಕ್ ಕೀಲಿಗೆ ಒಂದೇ ಪರೀಕ್ಷೆಯನ್ನು ನಂಬದೆ ಹಲವು ಬಗೆಯಲ್ಲಿ ಒತ್ತಿ ನೋಡಿದರು. ಮೂರು ಅಥವಾ ಹೆಚ್ಚು ಪರೀಕ್ಷೆಗಳಲ್ಲಿ ಅದೇ ನೋವು ಬಂದರೆ ಮಾತ್ರ ಆ ಕೀಲನ್ನು ದೂರುವುದು ಸರಿ.

ಪರೀಕ್ಷೆಯ ಕೊನೆಯಲ್ಲಿ ಅವರು ಈಗ ಎಂಆರ್‌ಐ ಬೇಡ ಎಂದರು. ಆ ಮಾತನ್ನು ಒಪ್ಪಿಸಿದ ಬಗೆ ಮೆಚ್ಚುವಂಥದ್ದು. ನೋವೇ ಇಲ್ಲದ 3110 ಜನರ ಸ್ಕ್ಯಾನ್ ಚಿತ್ರಗಳ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಕೋಷ್ಟಕವನ್ನು ಮುಂದಿಟ್ಟರು. ಇಪ್ಪತ್ತರ ವಯಸ್ಸಿನವರಲ್ಲೇ 37% ಜನರಿಗೆ ಡಿಸ್ಕ್ ಸವೆತ ಮತ್ತು 30% ಜನರಿಗೆ ಡಿಸ್ಕ್ ಉಬ್ಬು ಇತ್ತು. ಎಂಬತ್ತರ ಹೊತ್ತಿಗೆ ಅವು 96% ಮತ್ತು 84% ಆಗಿದ್ದವು. ಇವರೆಲ್ಲ ಯಾವ ನೋವೂ ಇಲ್ಲದೆ ಓಡಾಡುತ್ತಿದ್ದವರು. ಚಿತ್ರದಲ್ಲಿ ಏನೋ ಒಂದು ಕಾಣುವುದು ಖಚಿತ, ಕಂಡದ್ದೇ ನೋವಿನ ಕಾರಣ ಎಂಬುದು ಮಾತ್ರ ಖಚಿತವಲ್ಲ. ಡಿಸ್ಕ್ ಜಾರಿ ನರವನ್ನು ಒತ್ತುತ್ತದೆ ಎಂದು ಶಸ್ತ್ರವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ತೋರಿಸಿದ್ದು ದೊಡ್ಡ ಸಾಧನೆ, ಆದರೆ ಆಮೇಲೆ ಪ್ರತಿ ಸೊಂಟನೋವಿಗೂ ಡಿಸ್ಕನ್ನೇ ಹುಡುಕುವ ಅಭ್ಯಾಸ ಬೇರೂರಿತು. ಅಮೆರಿಕದ ವೈದ್ಯರ ಕಾಲೇಜು 2007ರಲ್ಲಿ, ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ, ಸಾಮಾನ್ಯ ಸೊಂಟನೋವಿಗೆ ವಾಡಿಕೆಯಂತೆ ಚಿತ್ರ ತೆಗೆಸಬೇಡಿ ಎಂದು ಮಾರ್ಗಸೂಚಿ ಕೊಟ್ಟಿವೆ. ನನ್ನ ವಿಷಯದಲ್ಲಿ ನರದ ಲಕ್ಷಣಗಳಿದ್ದರೂ ಬಲ ಅಲ್ಪವೇ ಕಡಿಮೆಯಾಗಿತ್ತು, ಮತ್ತಷ್ಟು ಕುಗ್ಗುತ್ತಿರಲಿಲ್ಲ. ಇಂತಹ ನೋವು ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ಗಣನೀಯವಾಗಿ ಇಳಿಯುತ್ತದೆ, ಜಾರಿದ ಡಿಸ್ಕಿನ ಚೂರನ್ನು ದೇಹವೇ ಕರಗಿಸಿಕೊಳ್ಳುವುದೂ ಉಂಟು. ಬಲ ಇನ್ನಷ್ಟು ಕುಗ್ಗಿದರೆ, ಅಥವಾ ನೋವು ಇಳಿಯದೆ ಇಂಜೆಕ್ಷನ್ ಇಲ್ಲವೇ ಶಸ್ತ್ರಚಿಕಿತ್ಸೆಯ ವಿಚಾರ ಬಂದರೆ ಆಗ ಚಿತ್ರ ಬೇಕು ಎಂದು ಷರತ್ತನ್ನು ವರದಿಯಲ್ಲೇ ಬರೆದುಕೊಟ್ಟರು.

ಈಗ ಕೊರತೆಯ ಮಾತು. ಒಳಗೆ ಕರೆಯುವ ಮುಂಚೆ ಎರಡು ಪ್ರಶ್ನಾವಳಿಗಳನ್ನು ತುಂಬಿಸಿಕೊಳ್ಳುತ್ತಾರೆ. ಒಂದು, ದಿನನಿತ್ಯದ ಕೆಲಸಗಳು ಎಷ್ಟು ಕುಂಠಿತವಾಗಿವೆ ಎಂದು ಹತ್ತು ವಿಭಾಗಗಳಲ್ಲಿ ಅಳೆಯುವ ಆಸ್ವೆಸ್ಟ್ರಿ ಸೂಚಿ. ಇನ್ನೊಂದು, ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಂಬತ್ತು ಪ್ರಶ್ನೆಗಳ ಸ್ಟಾರ್ಟ್ ಬ್ಯಾಕ್ ಪ್ರಶ್ನಾವಳಿ. ಎರಡನೆಯದರ ಕೊನೆಯ ಐದು ಪ್ರಶ್ನೆಗಳು ಭಯ, ಚಿಂತೆ, ‘ಇದು ಎಂದಿಗೂ ವಾಸಿಯಾಗದು’ ಎಂಬ ಭಾವನೆ, ಮನಸ್ಸಿನ ಕುಗ್ಗುವಿಕೆ, ನೋವು ಕೊಡುತ್ತಿರುವ ಕಿರಿಕಿರಿ ಇವುಗಳ ಬಗ್ಗೆ. ತೀವ್ರ ನೋವು ದೀರ್ಘಕಾಲದ ನೋವಾಗಿ ಉಳಿದುಬಿಡುವುದನ್ನು ಮುನ್ಸೂಚಿಸುವಲ್ಲಿ ಡಿಸ್ಕಿನ ಚಿತ್ರಕ್ಕಿಂತ ಇಂತಹ ಉತ್ತರಗಳೇ ಹೆಚ್ಚು ಉಪಯುಕ್ತ. ಉತ್ತರಗಳ ಮೇಲೆ ರೋಗಿಯನ್ನು ಕಡಿಮೆ, ಮಧ್ಯಮ, ಹೆಚ್ಚು ಅಪಾಯದ ಗುಂಪಿಗೆ ಸೇರಿಸಿ, ಅದಕ್ಕೆ ತಕ್ಕ ಚಿಕಿತ್ಸೆ ಕೊಡಬೇಕೆಂಬುದೇ ಈ ಪ್ರಶ್ನಾವಳಿಯ ಉದ್ದೇಶ. ನಾನು ತುಂಬಿಕೊಟ್ಟ ಹಾಳೆಯನ್ನು ಕಡತಕ್ಕೆ ಸೇರಿಸಿದರು, ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ಬಾಗಲು ಹೆದರಿಕೆಯಾಗುತ್ತದೆ ಎಂದು ನಾನು ಬರೆದಿದ್ದೆ. ಹೆಬ್ಬೆರಳಿನ ಬಲವನ್ನು ಅಷ್ಟು ಶ್ರದ್ಧೆಯಿಂದ ಅಳೆದವರು ಈ ಹೆದರಿಕೆಯನ್ನೂ ಅದೇ ಶ್ರದ್ಧೆಯಿಂದ ವಿಚಾರಿಸಬೇಕಿತ್ತು. ನಿದ್ದೆ ಹೇಗಿದೆ, ಮಾಡುವ ಕೆಲಸ ಎಂಥದು, ಮನೆಯಲ್ಲಿ ನೆರವಿದೆಯೇ ಎಂಬುದೂ ತಪಾಸಣೆಯೇ. ಪ್ರಶ್ನೆ ಕೇಳಿ ಉತ್ತರವನ್ನು ಓದದಿರುವುದು ಕೇಳದೇ ಇರುವುದಕ್ಕಿಂತ ಹೆಚ್ಚು ನೋಯಿಸುತ್ತದೆ.

ವರದಿಯ ಭಾಷೆಯೂ ಸುಧಾರಿಸಬೇಕು. ಕೊಠಡಿಯಲ್ಲಿ ಸರಳವಾಗಿ ವಿವರಿಸಿದ್ದನ್ನು ಕಾಗದದಲ್ಲಿ ಸಂಕ್ಷೇಪಾಕ್ಷರಗಳಲ್ಲಿ ಬರೆಯುತ್ತಾರೆ. ಇನ್ನೊಬ್ಬ ವೈದ್ಯರಿಗೆ ಅದು ಅನುಕೂಲ, ಮನೆಗೆ ಹೋಗಿ ಓದುವವರಿಗೆ ಅಲ್ಲ. ಪರೀಕ್ಷೆಯ ಮಂಚ ಎತ್ತರವಾಗಿದ್ದು ಏರುವಾಗಲೇ ಸೊಂಟ ಹಿಡಿದುಕೊಳ್ಳುವಂತಿದೆ. ಏರಿಳಿಸಬಹುದಾದ ಮಂಚವಿದ್ದರೆ ಒಳ್ಳೆಯದು.

ಇಷ್ಟಿದ್ದೂ, ಹೊಸದಾಗಿ ಸೊಂಟನೋವು ಬಂದು ಒಂದೆರಡು ವಾರದಲ್ಲಿ ಇಳಿಯದವರಿಗೆ, ನೋವು ಕಾಲಿಗೆ ಇಳಿದವರಿಗೆ, ಕೈಯಲ್ಲಿ ಸ್ಕ್ಯಾನಿಂಗ್ ವರದಿ ಹಿಡಿದು ಅದರಲ್ಲಿರುವ ಶಬ್ದಗಳಿಗೆ ಹೆದರಿ ಕುಳಿತವರಿಗೆ ಈ ಸೇವೆಯನ್ನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಮರುಭೇಟಿಯಲ್ಲಿ ಅದೇ ಟೇಪು ಹಿಡಿದು, ಅದೇ ಹೆಬ್ಬೆರಳನ್ನು ಒತ್ತಿ, ಮೊದಲಿನ ಸಂಖ್ಯೆಗಳ ಪಕ್ಕದಲ್ಲೇ ಹೊಸ ಸಂಖ್ಯೆಗಳನ್ನು ಬರೆದರು. ಬಲ ನಾಲ್ಕರಿಂದ ಐದಕ್ಕೆ ಮರಳಿತ್ತು, ಹಾಗಾಗಿ ಸ್ಕ್ಯಾನಿಂಗ್ ಮಾತು ಮತ್ತೆ ಬರಲಿಲ್ಲ. ಮೂತ್ರ ಕಟ್ಟಿಕೊಂಡವರು, ತೊಡೆಸಂದು ಮರಗಟ್ಟಿದವರು, ಪಾದ ದಿಢೀರನೆ ಜೋತುಬಿದ್ದವರು, ಜ್ವರದೊಂದಿಗೆ ತೀವ್ರ ಸೊಂಟನೋವಿರುವವರು ಮಾತ್ರ ಇಲ್ಲಿ ಸಮಯ ಕಾಯ್ದಿರಿಸಿ ಸರದಿಗಾಗಿ ಕಾಯಬಾರದು. ಅದೇ ದಿನ ಎಂಆರ್‌ಐ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರವಾಗಿ ಹೋಗಬೇಕು. ಚಿಕಿತ್ಸಾಲಯದ ಕಾಯ್ದಿರಿಸುವ ಅರ್ಜಿಯಲ್ಲಿ ಸದ್ಯ ಹೆಸರು, ವಯಸ್ಸು, ನೋವಿನ ಜಾಗ ಇಷ್ಟನ್ನೇ ಕೇಳುತ್ತಾರೆ. ಮೂತ್ರ ಮತ್ತು ಸ್ಪರ್ಶದ ಅರಿವಿನ ಬಗ್ಗೆ ವೈದ್ಯರು ಒಳಗೆ ಕೇಳುವ ಆ ಎರಡು ಪ್ರಶ್ನೆಗಳನ್ನು ಅರ್ಜಿಯ ಮೊದಲ ಸಾಲಿಗೇ ತಂದರೆ, ಕಾಯಬಾರದವರು ಸರದಿಗೆ ಸೇರುವ ಮೊದಲೇ ತಿಳಿದುಬರುತ್ತಾರೆ. ಇದನ್ನು ಅವರಿಗೂ ಬರೆದು ತಿಳಿಸಿದ್ದೇನೆ.